ಅಪ್ಪನ ಹೆಸರು ಹೇಳಿ ನಗಿಸಿದ್ದು

ನಮ್ಮ ಬೈಲಹೊಂಗಲದ ಕಡೆಯ ಸಭೆ ಸಮಾರಂಭಗಳಲ್ಲಿ ಧ್ವನಿವರ್ಧಕ ಸರಿಯಾಗಿದೆ ಎಂಬುದು ಖಾತ್ರಿಯಾಗುವುದು, ಅದನ್ನು ಬಾಡಿಗೆಗೆ ತಂದವನು ಮೂತಿಗೆ ಹಿಡಿದು ‘ಹಲೋ ಹಲೋ’ ಎಂದು ಊದಿದಾಗ ಅಲ್ಲ, ಭಾಷಣಕಾರನ ಮೊದಲ ಹಾಸ್ಯಕ್ಕೆ ಕಟ್ಟಕಡೆಯ ಸಾಲಿನವರು ನಕ್ಕಾಗ. ಮುಂದಿನ ಸಾಲಿನವರ ನಗೆಯನ್ನು ನಂಬುವಂತಿಲ್ಲ. ಅವರು ಗಣ್ಯರು, ನಗಬೇಕಾದಲ್ಲಿ ನಗುವುದು ಅವರ ಪದವಿಗೆ ಅಂಟಿಬಂದ ಕರ್ತವ್ಯ. ಹಿಂದಿನ ಸಾಲಿನವರಾದರೋ ಅಡುಗೆಯ ವಾಸನೆಗೆ ಮೂಗನ್ನೂ ಪಕ್ಕದವನ ಮಾತಿಗೆ ಕಿವಿಯನ್ನೂ ಒಪ್ಪಿಸಿ, ವೇದಿಕೆಗೆ ಬರಿಯ ಹೆಗಲನ್ನಷ್ಟೇ ಉಳಿಸಿಕೊಟ್ಟಿರುತ್ತಾರೆ. ಆ ಹೆಗಲು ತಿರುಗಿ ಮುಖವಾಗುವಂತೆ ಮಾಡಬಲ್ಲವನು ವಾಗ್ಮಿ. ಓದುಗ ಮಿತ್ರರೇ, ಈ ವಿದ್ಯೆ ನನಗೆ ಸಿದ್ಧಿಸಿತ್ತು. ಒಂದು ಕಾಲಕ್ಕೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಈ ಮಾತನ್ನು ಈಗ ತಲೆ ತಗ್ಗಿಸಿ ಹೇಳುತ್ತಿದ್ದೇನೆ.

ಬೈಲಹೊಂಗಲದಲ್ಲಿ ಆಗ ಇದ್ದು ಈಗ ಇಲ್ಲವಾಗಿರುವ ಒಂದು ಚಿಕ್ಕ ಕ್ರೈಸ್ತ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ಸಮುವೇಲ ಮಾಸ್ತರ ಎಂದರೆ ಪೇಟೆಯವರಿಗೆಲ್ಲ ಗೊತ್ತು. ನನ್ನ ದೇಹ ಲಘು, ಧ್ವನಿ ಗುರು; ಛಂದಸ್ಸಿನ ಪಾಠದ ದಿನ ಎರಡಕ್ಕೂ ಉದಾಹರಣೆಯಾಗಿ ನನ್ನನ್ನೇ ತೋರಿಸಿಬಿಡುತ್ತಿದ್ದೆ. ಈ ಧ್ವನಿಯ ದೆಸೆಯಿಂದ ಸವದತ್ತಿಯಿಂದ ಕಿತ್ತೂರಿನವರೆಗೆ ಯಾವ ಶಿಕ್ಷಕ ನಿವೃತ್ತನಾದರೂ ಅವನನ್ನು ಹೊಗಳಿ ಮನೆಗೆ ಕಳಿಸುವ ಹೊಣೆ ನನ್ನ ಮೇಲೆಯೇ ಬೀಳುತ್ತಿತ್ತು. ಪ್ರತಿ ಸಭೆಯಲ್ಲೂ ಒಂದು ಹಾರ, ಒಂದು ತೆಂಗಿನಕಾಯಿ, ಒಂದು ಶಾಲು. ಹಾರ ಒಣಗುತ್ತಿತ್ತು, ಕಾಯಿ ಚಟ್ನಿಯಾಗುತ್ತಿತ್ತು. ಉಳಿದ ಶಾಲುಗಳನ್ನೆಲ್ಲ ಸೇರಿಸಿ ನನ್ನ ಹೆಂಡತಿ ಸುಶೀಲಾ ಒಂದು ಕೌದಿ ಹೊಲಿಸಿದ್ದಳು. ಚಳಿಗಾಲದಲ್ಲಿ ನಾನು ಅಕ್ಷರಶಃ ನನ್ನ ಕೀರ್ತಿಯನ್ನೇ ಹೊದ್ದು ಮಲಗುತ್ತಿದ್ದೆ.

ಇಷ್ಟು ಕೀರ್ತಿಗೆ ಬಂಡವಾಳವಾಗಿದ್ದದ್ದು ಒಂದೇ ಒಂದು ಹಾಸ್ಯ. ಅದನ್ನು ನಿಮಗೂ ಹೇಳಿಬಿಡುತ್ತೇನೆ. ನಗು ಬಂದರೆ ಸಂಕೋಚಪಡಬೇಡಿ, ಸಾವಿರಾರು ಸಜ್ಜನರು ನಿಮಗಿಂತ ಮೊದಲು ನಕ್ಕಿದ್ದಾರೆ.

ನಮ್ಮ ಶಾಲೆಯಲ್ಲಿ ದಿನವೂ ಪಾಠಕ್ಕೆ ಮುಂಚೆ ಮಕ್ಕಳೆಲ್ಲ ಕೈಮುಗಿದು ಪರಲೋಕದ ತಂದೆಗೆ ಪ್ರಾರ್ಥನೆ ಸಲ್ಲಿಸುವುದು ವಾಡಿಕೆ. ಅವನ ನಾಮ ಪವಿತ್ರವೆಂದು ಎಣಿಸಲ್ಪಡಲಿ, ಅವನು ಅಂದಂದಿನ ಆಹಾರವನ್ನು ಅಂದಂದು ದಯಪಾಲಿಸಲಿ ಎಂಬುದು ಅದರ ತಾತ್ಪರ್ಯ. ನಮ್ಮ ಕಡೆಯ ಮಕ್ಕಳಿಗೆ ಆಹಾರವೆಂದರೆ ರೊಟ್ಟಿ. ಹಾಗೆಂದೇ ಅರ್ಥ ಹೇಳಿಕೊಟ್ಟಿದ್ದೆವು. ಒಂದು ಜೂನ್ ತಿಂಗಳಲ್ಲಿ ಹೊಸ ರಜಿಸ್ಟರು ಬರೆಯಲು ಕುಳಿತ ಮಾಸ್ತರರು ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳನ್ನು ಎಬ್ಬಿಸಿ, ‘ನಿಮ್ಮಪ್ಪನ ಹೆಸರೇನವ್ವಾ?’ ಎಂದು ಕೇಳುತ್ತಾರೆ. ‘ನಮ್ಮಪ್ಪ ಪರಲೋಕದಾಗ ಅದಾನ್ರಿ’ ಎನ್ನುತ್ತಾಳೆ ಹುಡುಗಿ. ಮಾಸ್ತರರು ಕನಿಕರಪಟ್ಟು, ‘ಅಯ್ಯ ಪಾಪ, ಯಾವಾಗ ತೀರಿಕೊಂಡಾ?’ ಎಂದರೆ, ‘ತೀರಿಕೊಂಡಿಲ್ರಿ, ಜೀವಂತ ಅದಾನ್ರಿ!’ ‘ಹಂಗಾರ ಅಲ್ಲಿ ಏನ್ ಕೆಲಸಾ ಮಾಡ್ತಾನ?’ ‘ದಿನಾ ರೊಟ್ಟಿ ಕಳಸ್ತಾನ್ರಿ!’ ಇಲ್ಲಿಗೆ ಸಭೆ ಅರ್ಧ ಬಿದ್ದಿರುತ್ತಿತ್ತು. ‘ಆತವ್ವಾ, ಅವನ ಹೆಸರರೇ ಹೇಳು, ಬರಕೊಂತೇನಿ.’ ‘ಪವಿತ್ರ ಅಂತ ಬರಕೋರಿ!’ ಅಲ್ಲಿಗೆ ಪೂರ್ತಿ ಬೀಳುತ್ತಿತ್ತು.

ಹುಡುಗಿಯ ಮಾತು ಬಂದಾಗ ನಾನು ಧ್ವನಿ ಸಣ್ಣ ಮಾಡಿ, ತಲೆ ತುರಿಸಿಕೊಂಡು, ಕಾಲಿನಿಂದ ಕಾಲಿಗೆ ಭಾರ ಬದಲಿಸುತ್ತಿದ್ದೆ. ವರ್ಷಗಳು ಕಳೆದಂತೆ ಅವಳ ಲಂಗಕ್ಕೆ ಒಂದು ಹರುಕು ಬಂತು, ಮೂಗಿಗೆ ಸಿಂಬಳ ಬಂತು. ಸಭೆ ಕೇಳಿದ್ದನ್ನೆಲ್ಲ ಅವಳಿಗೆ ತೊಡಿಸುತ್ತ ಹೋದೆ. ಪಾದ್ರಿಗಳು ನಕ್ಕರು, ತಹಶೀಲ್ದಾರರು ನಕ್ಕರು, ಸ್ವಾಮಿಗಳು ಮುಖಕ್ಕೆ ಶಾಟಿ ಅಡ್ಡ ಹಿಡಿದು ನಕ್ಕರು. ನಗದವಳು ಸುಶೀಲಾ ಒಬ್ಬಳೇ. ಎಷ್ಟು ಸಲ ಕೇಳಿದ್ದಾಳೋ ಪಾಪ, ರುಚಿ ಕೆಟ್ಟಿರಬೇಕು ಎಂದು ನಾನು ಅವಳ ಪರವಾಗಿ ಸಮಾಧಾನ ಹೇಳಿಕೊಂಡಿದ್ದೆ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷಗಳಾಗಿದ್ದವು. ರಾಮದುರ್ಗ ತಾಲೂಕಿನ ಸಾಲಹಳ್ಳಿಯಲ್ಲಿ ನನ್ನ ಹಳೆಯ ಸ್ನೇಹಿತನೊಬ್ಬ ಶಾಲೆಯ ಸೇವೆಯಿಂದ ನಿವೃತ್ತನಾದ. ಶಾಲೆಯ ಅಂಗಳದಲ್ಲಿ ಶಾಮಿಯಾನ, ಬೇವಿನ ಮರಕ್ಕೆ ಕಟ್ಟಿದ ಧ್ವನಿವರ್ಧಕ, ಹಿಂದುಗಡೆ ಮಾದಲಿಗೆ ಬೆಲ್ಲ ಕುಟ್ಟುವ ಸದ್ದು. ನಾನು ಎದ್ದು ನಿಂತು ಸ್ನೇಹಿತನನ್ನು ಹತ್ತು ನಿಮಿಷ ಹೊಗಳಿ, ಅವನ ಶಿಷ್ಯವಾತ್ಸಲ್ಯದ ನೆಪದಲ್ಲಿ ನನ್ನ ಹಾಸ್ಯಕ್ಕೆ ದಾರಿ ಮಾಡಿಕೊಂಡೆ. ‘ಪವಿತ್ರ ಅಂತ ಬರಕೋರಿ’ ಎಂದದ್ದೇ ತಡ, ಹಿಂದಿನ ಸಾಲಿನ ನಗೆಗೆ ಬೇವಿನ ಮರದ ಕಾಗೆಗಳು ಹಾರಿಹೋದವು.

ಸಭೆ ಮುಗಿದು ಗಣ್ಯರಿಗೆ ಚಹಾ ಕೊಡುವಾಗ, ಬಿಳಿ ಸೀರೆಯುಟ್ಟ ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ಲೋಟಗಳ ಟ್ರೇ ಹಿಡಿದು ನನ್ನ ಮುಂದೆ ಬಂದು ನಿಂತಳು. ಊರಿನ ಆರೋಗ್ಯ ಉಪಕೇಂದ್ರದ ನರ್ಸಬಾಯಿ ಎಂದು ಸ್ನೇಹಿತ ಪರಿಚಯಿಸಿ ಬೇರೆಯವರ ಕಡೆ ಹೋದ.

“ಗುರ್ತು ಸಿಕ್ಕತೇನ್ರಿ ಮಾಸ್ತರ?” ಎಂದಳು.

ಹಳೆಯ ವಿದ್ಯಾರ್ಥಿಗಳ ಗುರುತು ಸಿಗಲಿಲ್ಲವೆಂದು ಒಪ್ಪಿಕೊಳ್ಳುವ ಶಿಕ್ಷಕ ಇನ್ನೂ ಹುಟ್ಟಿಲ್ಲ. “ಸಿಗದ ಏನವ್ವಾ, ಹೆಸರು ಅಷ್ಟ ನಾಲಿಗಿ ಮ್ಯಾಲ ಐತಿ” ಎಂದೆ.

“ಯಲ್ಲವ್ವ ಅಂತ್ರಿ. ಹೂಲಿ ಯಲ್ಲವ್ವ. ಈಗ ಮೈಕಿನ್ಯಾಗ ಹೇಳಿದ್ರೆಲ್ಲಾ, ಆ ಹುಡುಗಿ ನಾನ.”

ನಾನು ಮೊದಲು ಮಾಡಿದ್ದೇನು ಗೊತ್ತೇ? ನಕ್ಕೆ. ಹದಿನೈದು ವರ್ಷಗಳ ರೂಢಿ. ಆ ಹುಡುಗಿಯ ಸುದ್ದಿ ಬಂದ ಕೂಡಲೇ ನನ್ನ ಮುಖ ತಾನಾಗಿಯೇ ಆ ಭಂಗಿಗೆ ಬಂದುಬಿಟ್ಟಿತು. ಅವಳು ನಗಲಿಲ್ಲ, ಸಿಡುಕಲೂ ಇಲ್ಲ. ನನ್ನ ನಗೆ ಮುಗಿಯುವವರೆಗೆ ಕಾದಳು.

“ಒಂದು ಮಾತು ಹೇಳ್ತೇನ್ರಿ, ತಪ್ಪು ತಿಳೀಬ್ಯಾಡ್ರಿ. ‘ಪವಿತ್ರ’ ಅಂತ ನಾ ಅಂದಿದ್ದಿಲ್ರಿ.”

“ಹೌದವ್ವಾ, ಅದು... ಸಭಾದಾಗ ಒಂದೀಟು ಸೇರಸ್ತೇವಿ...”

“ಇರ್ಲಿ ಬಿಡ್ರಿ. ಹುಡುಗೂರು ನಕ್ಕಿದ್ದು ನನಗ ಏನೂ ಅನಸ್ಲಿಲ್ರಿ, ಅವು ದಿನಾ ನಗತಿದ್ವು. ಅವತ್ತ ನಾ ನಿಮ್ಮ ಮಾರಿ ನೋಡಿದೆ. ನೀವು ‘ಹೌದು’ ಅಂತೀರಿ ಅಂತ ಮಾಡಿದ್ದೆ. ನೀವೂ ನಕ್ಕ್ರಿ.” ಅವಳು ಟ್ರೇಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. “ಆಮ್ಯಾಲ ಭಾಳ ವರ್ಷ ನಾ ಆ ಪ್ರಾರ್ಥನಿ ಅನ್ನಲಿಲ್ರಿ. ನಿಮ್ಮನ್ನ ನೋಡಿ, ಮ್ಯಾಲಿನಾಂವನೂ ನಕ್ಕಿರಬೇಕು ಅನಸ್ತಿತ್ತು.”

ನಾನು ಅರ್ಧ ಕುಡಿದ ಚಹಾವನ್ನು ಅವಳ ಟ್ರೇಯಲ್ಲಿಟ್ಟೆ.

“ಅವ್ವ ಇಲ್ಲೇ ನನ್ನ ಕೂಡ ಅದಾಳ್ರಿ. ಮನೀಗೆ ಬಂದು ಹೋಗ್ರಿ. ನಿಮ್ಮನ್ನ ನೋಡಿದ್ರ ಗುರ್ತು ಹಿಡೀತಾಳ.”

ಗುರುತು ಹಿಡಿಯುತ್ತಾಳೆ ಎಂಬ ಮಾತಿಗೇ ನಾನು ಗಡಿಯಾರ ನೋಡಿಕೊಂಡೆ. “ಇಲ್ಲವ್ವಾ, ಬಸ್ಸಿನ ಹೊತ್ತಾತು” ಎಂದೆ. ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಮಾದಲಿಯ ಊಟವನ್ನೂ ಬಿಟ್ಟು, ಊರ ಹೊರಗಿನ ನಿಲ್ದಾಣದ ಕಟ್ಟೆಯ ಮೇಲೆ ಶಾಲು ಹೊದ್ದು, ಬೆನ್ನು ಊರಿಗೆ ಮಾಡಿ ಕುಳಿತೆ.

ಆ ಎರಡು ತಾಸು ನನಗೆ ನೆನಪಾದದ್ದನ್ನು ಈಗ ಹೇಳಬೇಕು. ಹಾಸ್ಯದಲ್ಲಿ ನಾನು ಬಿಟ್ಟುಬಿಟ್ಟಿದ್ದ ಭಾಗ ಅದು.

ಯಲ್ಲವ್ವನನ್ನು ಶಾಲೆಗೆ ಸೇರಿಸಲು ಬಂದವಳು ಅವಳ ತಾಯಿ ಗಂಗವ್ವ. ಸವದತ್ತಿಯ ಆಚೆ ಹೂಲಿಯವಳು. ನಮ್ಮೂರಿನ ಹತ್ತಿ ಗಿರಣಿಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದಳು. ತಲೆಯ ಸೆರಗಿನಲ್ಲಿ ಹತ್ತಿಯ ಎಳೆಗಳು ಅಂಟಿದ್ದವು. ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು ಮೇಜಿನ ಹತ್ತಿರ ಬಂದು, “ಅಕಿ ಅಪ್ಪನ ಹೆಸರು ಕೇಳಬ್ಯಾಡ್ರಿ ಮಾಸ್ತರ. ನನ್ನ ಗುಡ್ಡಕ್ಕ ಬಿಟ್ಟಾರ್ರಿ. ಇಕಿನ್ನ ಬಿಡಬಾರ್ದು ಅಂತ ನಾ ಊರು ಬಿಟ್ಟು ಬಂದೇನಿ” ಎಂದಳು. ಎಳೆಯ ವಯಸ್ಸಿನಲ್ಲೇ ದೇವಿಯ ಹೆಸರಿನಲ್ಲಿ ಕೊರಳಿಗೆ ಮುತ್ತು ಕಟ್ಟಿಸಿಕೊಂಡು, ಮದುವೆಯೆಂಬುದೇ ಇಲ್ಲದ ಬಾಳಿಗೆ ದೂಡಲ್ಪಟ್ಟವಳು. ಅಂಥ ತಾಯಂದಿರ ಮಕ್ಕಳಿಗೆ ತಂದೆಯಿರುತ್ತಾನೆ, ತಂದೆಯ ಹೆಸರಿರುವುದಿಲ್ಲ. ನಾನು ಆಗ ತರುಣ, ಮನಸ್ಸು ಕರಗಿತು. ಕರಗಿದ ಮನಸ್ಸು ಒಂದು ಸುಂದರ ವಾಕ್ಯವನ್ನು ಎರಕ ಹೊಯ್ಯಿತು. “ಚಿಂತಿ ಮಾಡಬ್ಯಾಡವ್ವಾ, ನಮ್ಮ ಸಾಲ್ಯಾಗ ಎಲ್ಲಾ ಮಕ್ಕಳಿಗೂ ಅಪ್ಪ ಒಬ್ಬನ, ಪರಲೋಕದಾಗ ಅದಾನ” ಎಂದೆ. ವಾಕ್ಯ ನನಗೇ ಬಹಳ ಹಿಡಿಸಿತು. ಆ ಭಾನುವಾರ ಆರಾಧನೆಯಲ್ಲೂ ಬಳಸಿದೆ. ತಾಯಿಯ ಸೆರಗು ಹಿಡಿದು ನಿಂತಿದ್ದ ಆರು ವರ್ಷದ ಮಗು ಅದನ್ನು ವಾಕ್ಯವೆಂದು ಕೇಳಿಸಿಕೊಳ್ಳಲಿಲ್ಲ. ಸುದ್ದಿ ಎಂದು ಕೇಳಿಸಿಕೊಂಡಿತು. ತನಗೆ ಅಪ್ಪನಿದ್ದಾನೆ ಎಂಬ ಸುದ್ದಿಯನ್ನು ಆ ಮಗುವಿಗೆ ಮೊದಲು ಹೇಳಿದವನು ನಾನು.

ಮೂರು ವರ್ಷಗಳ ಮೇಲೆ ಬಂದ ಜೂನ್ ತಿಂಗಳ ಆ ಬೆಳಿಗ್ಗೆ ನಾನು ಹಳೆಯ ರಜಿಸ್ಟರಿನಿಂದ ಹೊಸದಕ್ಕೆ ನಕಲು ಮಾಡುತ್ತಿದ್ದೆ. ಯಲ್ಲವ್ವನ ಹೆಸರಿನ ಮುಂದೆ ತಂದೆಯ ಹೆಸರಿನ ಕಾಲಮಿನಲ್ಲಿ ಬರಿಯ ಗೆರೆ ಇತ್ತು. ಗೆರೆಯನ್ನೂ ನಕಲು ಮಾಡಬಹುದಿತ್ತು. ಅವಳ ತಾಯಿ ಹೇಳಿದ್ದು ಮರೆತಿತ್ತು ಎಂದರೆ ಅದು ಅರ್ಧ ಸತ್ಯ. ಮರೆವು ಇತ್ತು, ಆದರೆ ಗೆರೆ ಕಂಡ ಕ್ಷಣ ನೆನಪಾಗಿತ್ತು. ನೆನಪಾದ ಮೇಲೂ ಕೇಳಿದೆ. ಏಕೆ ಎಂದು ಇಂದಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಕುರ್ಚಿಯ ಮೇಲೆ ಕುಳಿತವನಿಗೆ ನಿಂತವರನ್ನು ಕೇಳುವ ಚಟ ಇರುತ್ತದೆ. ಅವಳು ಮೊದಲ ಸಲಕ್ಕೆ ಸುಮ್ಮನಿದ್ದಳು. ನಾನು ಎರಡನೆಯ ಸಲ ದೊಡ್ಡ ದನಿಯಲ್ಲಿ ಕೇಳಿದೆ. ಆಗ ಹೇಳಿದಳು: “ಪರಲೋಕದಾಗ ಅದಾನ್ರಿ. ನೀವ ಹೇಳೀರೆಲ್ಲಾ.” ತರಗತಿ ಘೊಳ್ಳೆಂದಿತು. ಅವಳು ಗಾಬರಿಯಾಗಿ ಸುತ್ತ ನೋಡಿ, ನಕ್ಕವರನ್ನು ನಂಬಿಸುವುದಕ್ಕೆಂದು, ತನ್ನ ಬಳಿಯಿದ್ದ ಒಂದೇ ಸಾಕ್ಷಿಯನ್ನು ಮುಂದಿಟ್ಟಳು: “ಖರೇನ್ರಿ, ದಿನಾ ರೊಟ್ಟಿ ಕಳಸ್ತಾನ್ರಿ.” ಹೇಳುತ್ತ ನನ್ನ ಮುಖ ನೋಡಿದಳು. ಅಲ್ಲಿ ಅವಳಿಗೆ ಕಂಡದ್ದೇನೆಂಬುದನ್ನು ಸಾಲಹಳ್ಳಿಯಲ್ಲಿ ಅವಳೇ ಹೇಳಿದಳಲ್ಲ.

ಮಧ್ಯಾಹ್ನ ಶಿಕ್ಷಕರ ಕೋಣೆಯಲ್ಲಿ ಡಬ್ಬಿ ಬಿಚ್ಚುವಾಗ ಇದನ್ನು ಹೇಳಿದೆ. ಎಲ್ಲರೂ ನಕ್ಕರು. ಹಾಸ್ಯ ಹುಟ್ಟಿದ್ದು ಹೀಗೆ.

ಮರುದಿನ ಗಂಗವ್ವ ಗಿರಣಿ ಬಿಟ್ಟು ಶಾಲೆಗೆ ಬಂದಳು. ಜಗಳವಾಡಲಿಲ್ಲ. ಬಾಗಿಲ ಹೊರಗೇ ನಿಂತು, “ನನ್ನ ಮಗಳು ಸುಳ್ಳು ಹೇಳ್ಯಾಳೇನ್ರಿ?” ಎಂದು ಕೇಳಿದಳು.

“ಸುಳ್ಳಂತ ಅಲ್ಲವ್ವಾ. ಅದು ಪ್ರಾರ್ಥನಿ, ಇದು ರಜಿಸ್ಟರು. ಎರಡೂ ಬ್ಯಾರೆ ಬ್ಯಾರೆ” ಎಂದೆ.

“ಹಂಗಾರ ಪ್ರಾರ್ಥನಿ ಖರೇ ಅಲ್ಲೇನ್ರಿ?”

ಗಂಟೆ ಬಾರಿಸುವ ಹೊತ್ತಾಯಿತೆಂದು ಎದ್ದೆ. (ನನ್ನ ಜೀವನದ ಇಕ್ಕಟ್ಟುಗಳಲ್ಲೆಲ್ಲ ಗಂಟೆಯೋ ಬಸ್ಸೋ ಒಂದು ಬಂದು ನನ್ನನ್ನು ಪಾರುಮಾಡಿದೆ.) ಅವಳು ಶಾಲೆ ಬಿಡಿಸಲೆಂದು ಮಗಳ ದಾಖಲೆ ಪತ್ರ ಕೇಳಿದಳು, ಬರೆದುಕೊಟ್ಟೆ. ಅದರಲ್ಲಿಯೂ ಗೆರೆಯನ್ನೇ ಎಳೆದೆ, ನೆಟ್ಟಗೆ, ಅಳತೆಗೋಲು ಇಟ್ಟು. ಅವರು ಎಲ್ಲಿಗೆ ಹೋದರೆಂದು ವಿಚಾರಿಸಲಿಲ್ಲ. ಆ ವರ್ಷದ ಕ್ರಿಸ್ಮಸ್ ಕೂಟದಲ್ಲಿ ಮೊದಲ ಬಾರಿ ವೇದಿಕೆಯ ಮೇಲೆ ಆ ಹಾಸ್ಯ ಹೇಳಿ ಚಪ್ಪಾಳೆ ಗಿಟ್ಟಿಸಿದೆ.

ಬಸ್ಸು ಬಂತು, ಹತ್ತಿದೆ. ರಾಮದುರ್ಗ ದಾಟಿ ಸವದತ್ತಿಯ ಕಡೆ ಸಾಗುವಾಗ, ಎಷ್ಟೋ ವರ್ಷಗಳಿಂದ ನೆನಪಿಗೆ ಬಾರದಿದ್ದ ನನ್ನ ತಂದೆ ಇದ್ದಕ್ಕಿದ್ದಂತೆ ನೆನಪಾದರು. ಅವರು ನಮ್ಮ ದೇವಾಲಯದ ತೋಟ ನೋಡಿಕೊಳ್ಳುತ್ತಿದ್ದ ಮಾಲಿ. ಮಾತು ಕಡಿಮೆ, ಮುದ್ದು ಇನ್ನೂ ಕಡಿಮೆ. ನನಗೆ ಏಳೋ ಎಂಟೋ ವರ್ಷವಿದ್ದಾಗ ಸಭೆಯ ಮುಂದೆ, ದೇವರೇ ನನ್ನ ಕುರುಬ ಎನ್ನುವ ಕೀರ್ತನೆಯನ್ನು ಒಪ್ಪಿಸಲು ನಿಂತವನು ‘ಕುರುಬ’ ಎನ್ನುವಲ್ಲಿ ‘ಕುರಿ’ ಎಂದುಬಿಟ್ಟೆ. ದೇವರನ್ನೇ ಕುರಿಯಾಗಿಸಿದ್ದಕ್ಕೆ ದೇವಾಲಯಕ್ಕೆ ದೇವಾಲಯವೇ ನಕ್ಕಿತು, ಪಾದ್ರಿಗಳೂ ನಕ್ಕರು. ನನ್ನ ಚಡ್ಡಿ ಒದ್ದೆಯಾಗುವುದೊಂದು ಬಾಕಿ. ಆಗ ಬಾಗಿಲ ಬಳಿ ಚಪ್ಪಲಿಗಳ ಪಕ್ಕ ನಿಂತಿದ್ದ ಅಪ್ಪ, ಸಭೆಯಲ್ಲಿ ಎಂದೂ ಬಾಯಿ ಬಿಡದವರು, “ಹೂಂ, ಹೌದು. ಮುಂದ ಹೇಳು” ಎಂದರು. ನಗೆಯ ನಡುವೆ ಆ ದನಿ ಒಂದು ಕೋಲಿನಂತೆ ನನ್ನ ಕೈಗೆ ಸಿಕ್ಕಿತು. ಅದನ್ನು ಹಿಡಿದು ಕೀರ್ತನೆ ಮುಗಿಸಿದೆ. ನಾನು ಹೇಳಿದ್ದು ಸರಿಯಿರಲಿಲ್ಲ, ಅವರಿಗೆ ಅದು ಗೊತ್ತಿತ್ತು. ಆದರೂ ನನ್ನ ಕಡೆಗಿದ್ದರು.

ಬಸ್ಸಿನ ಕಿಟಕಿಗೆ ತಲೆಯಾನಿಸಿ ನಾನು ಯೋಚಿಸಿದ್ದು ಇಷ್ಟು. ಮೂವತ್ತು ವರ್ಷ ನಾನು ಪರಲೋಕದ ತಂದೆಯ ಬಗ್ಗೆ ಉಪದೇಶ ಮಾಡಿದ್ದೇನೆ. ಅವನ ಸರ್ವಶಕ್ತಿ, ಸರ್ವಜ್ಞತ್ವ, ಸರ್ವವ್ಯಾಪಿತ್ವ ಎಂದು ಸಕಾರಾದಿಯಾಗಿ ವರ್ಣಿಸಿದ್ದೇನೆ. ಆದರೆ ಮನಸ್ಸಿನಲ್ಲಿ ಅವನನ್ನು ಕೂರಿಸಿದ್ದು ವೇದಿಕೆಯ ಮೇಲೆ, ಗಣ್ಯರ ನಡುವೆ, ನನ್ನ ಪಕ್ಕದ ಕುರ್ಚಿಯಲ್ಲಿ. ಅವನು ಬಾಗಿಲ ಬಳಿ ನಿಂತಿರಬಹುದು, ಎದ್ದು ನಿಂತು ತಡವರಿಸುವ ಮಗುವಿನ ಕಡೆ ಮುಖ ಮಾಡಿರಬಹುದು ಎಂದು ಹೊಳೆದಿರಲಿಲ್ಲ. ಹೊಳೆಯಿಸಿಕೊಡಲು ಒಬ್ಬ ಮಾಲಿ ಮನೆಯಲ್ಲೇ ಇದ್ದ. ಪ್ರಾರ್ಥನೆಯಲ್ಲಿ ನಾವು ಕರೆಯುವುದು ‘ನಮ್ಮ’ ತಂದೆಯನ್ನು. ಹಾಗಾದರೆ ಯಲ್ಲವ್ವನ ತಂದೆ ಮತ್ತು ನನ್ನ ತಂದೆ ಒಬ್ಬನೇ. ಅವಳ ಉತ್ತರಕ್ಕೆ ನಗುವಾಗ ನಾನು ನಕ್ಕದ್ದು ನನ್ನ ತಂಗಿಯ ಹುಟ್ಟಿಗೆ.

ಮನೆಗೆ ಬಂದು ಸುಶೀಲಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. “ಬಸ್ಸು ಎಷ್ಟಕ್ಕಿತ್ರಿ?” ಎಂದು ಮಾತ್ರ ಕೇಳಿದಳು. ಹೇಳಿದೆ. ಅವಳ ಕೈ ಮೊರದ ಮೇಲೆಯೇ ನಿಂತಿತು. “ಎರಡು ತಾಸು ಕಟ್ಟಿ ಮ್ಯಾಲ ಕುಂತ್ರಿ, ಎರಡು ಹೆಜ್ಜಿ ಆ ಅವ್ವನ ಮನೀಗೆ ಹೋಗ್ಲಿಲ್ಲ.”

“ನಿನಗ ಆ ಹಾಸ್ಯ ಯಾಕ ಹಿಡಸ್ತಿರಲಿಲ್ಲ?” ಎಂದೆ.

“ಅದರಾಗ ನಗೂವಂಥಾದ್ದು ನಿಮ್ಮ ಮಾತು ಒಂದ ಇತ್ರಿ. ಆ ಕೂಸು ಹೇಳಿದ್ದು ಎಲ್ಲಾ ಖರೇನ ಇತ್ತು.”

ಮತ್ತೆ ಸಾಲಹಳ್ಳಿಗೆ ಹೋಗಲು ನನಗೆ ಒಂದು ತಿಂಗಳು ಹಿಡಿಯಿತು. ಒಮ್ಮೆ ಸವದತ್ತಿಯವರೆಗೆ ಹೋಗಿ, ದೇವಿಯ ಗುಡ್ಡಕ್ಕೆ ಹೊರಟ ಜನರ ನಡುವೆ ನಿಂತು, ಹಿಂದಿರುಗಿಬಂದೆ. ಎರಡನೆಯ ಸಲ ಸುಶೀಲಾ ಜೊತೆಗೆ ಬಂದಳು, ತಪ್ಪಿಸಿಕೊಳ್ಳಲು ಆಸ್ಪದವಿರಲಿಲ್ಲ.

ಉಪಕೇಂದ್ರದ ಹಿಂದಿನ ಎರಡು ಕೋಣೆಗಳ ಮನೆ. ಗಂಗವ್ವ ಒಲೆಯ ಮುಂದೆ ಕುಳಿತಿದ್ದಳು, ಕೂದಲು ಬೆಳ್ಳಗಾಗಿತ್ತು. ನೋಡಿದ ತಕ್ಷಣ ಗುರುತು ಹಿಡಿದಳು. “ಬರ್ರಿ ಮಾಸ್ತರ, ಕುಂದರ್ರಿ” ಎಂದು ಚಾಪೆ ಹಾಸಿದಳು. ನಾನು ದಾರಿಯುದ್ದಕ್ಕೂ ಒಂದು ಮಾತನ್ನು ಸಿದ್ಧಪಡಿಸಿಕೊಂಡು ಬಂದಿದ್ದೆ. ಅದರಲ್ಲಿ ಪಶ್ಚಾತ್ತಾಪವಿತ್ತು, ಅಪರಾಧಪ್ರಜ್ಞೆಯಿತ್ತು, ಅಂತರಾತ್ಮವಿತ್ತು. ಎರಡು ವಾಕ್ಯ ಮುಗಿಸುವಷ್ಟರಲ್ಲಿ ಗಂಗವ್ವ ಮಗಳ ಕಡೆ ತಿರುಗಿ, “ಏನ್ ಅನ್ನಾಕತ್ತಾರ ಇವರು?” ಎಂದಳು. ಯಲ್ಲವ್ವ, “ತಿಳಿಯೂ ಹಂಗ ಹೇಳ್ರಿ ಮಾಸ್ತರ” ಎಂದಳು.

ತಿಳಿಯುವ ಹಾಗೆ ಹೇಳಲು ನನಗೆ ಬಹಳ ಹೊತ್ತು ಬೇಕಾಯಿತು. “ಅವತ್ತ ನೀವು ಕೇಳಿದ್ರಿ, ಪ್ರಾರ್ಥನಿ ಖರೇ ಅಲ್ಲೇನು ಅಂತ. ನಾ ಎದ್ದು ಹೋದೆ. ಖರೇ ಐತವ್ವಾ. ನಿಮ್ಮ ಮಗಳು ಹೇಳಿದ್ದು ಖರೇ ಇತ್ತು. ನಂದ ತಪ್ಪು.”

ಗಂಗವ್ವ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. “ಖರೇ ಅನ್ನೂದು ನನಗ ಗೊತ್ತಿತ್ರಿ. ಅವತ್ತ ಅಳಕೋತ ಬಂತು ಕೂಸು, ಅಪ್ಪ ಇಲ್ಲಂತ ಅಂತ. ಇಲ್ಲ ಅಂದ್ರ ಈ ರೊಟ್ಟಿ ಯಾರು ಕೊಟ್ರು ಅಂತ ನಾ ಅಂದೆ. ದಿನಾ ತಾಟಿಗೆ ಹಾಕುವಾಗ ‘ತಗೋ, ನಿಮ್ಮಪ್ಪ ಕಳಿಸ್ಯಾನ’ ಅಂತಿದ್ದೆ. ಇಕಿ ಸಿಟ್ಟಾಗತಿದ್ಲು. ದೊಡ್ಡಾಕಿ ಆಗಿ ನರ್ಸ್ ಕಲ್ಯಾಕ ಹೋಗೂತನಕಾ ಅಂದೇನಿ.” ಅವಳ ಕೊರಳಲ್ಲಿ ಈಗಲೂ ದೇವಿಯ ಮುತ್ತು ಇತ್ತು. ನನ್ನ ಶಾಲೆ ಕೈಬಿಟ್ಟ ಮಗುವಿಗೆ ನನ್ನ ದೇವರನ್ನು ವರ್ಷಗಟ್ಟಲೆ ತಾಟಿನಲ್ಲಿ ಬಡಿಸುತ್ತ ಬಂದವಳು ಅವಳು.

“ನನಗ್ಯಾಕ ಹೇಳ್ತೀರಿ ಮಾಸ್ತರ?” ಎಂದಳು. “ನಕ್ಕವರು ನಾವಲ್ಲ. ನಕ್ಕವರಿಗೆ ಹೇಳ್ರಿ.”

ಹೊರಡುವಾಗ ಬಾಗಿಲಲ್ಲಿ ನಿಂತು ಯಲ್ಲವ್ವನಿಗೆ, “ನನ್ನ ಕ್ಷಮಿಸವ್ವಾ” ಎಂದೆ. ಅವಳು ಸುಲಭವಾಗಿ ‘ಇರಲಿ ಬಿಡಿ’ ಎನ್ನಲಿಲ್ಲ. “ಅಪ್ಪನ್ನ ಕೇಳ್ರಿ. ಏನಂದಾ ಅಂತ ನನಗೂ ಬಂದು ಹೇಳ್ರಿ” ಎಂದಳು.

ಅಪ್ಪನನ್ನು ಕೇಳುವುದಕ್ಕಿಂತ ಮೊದಲು ನಕ್ಕವರಿಗೆ ಹೇಳಬೇಕಾಗಿತ್ತು. ಕಿತ್ತೂರಿನಲ್ಲಿ, ಹೆದ್ದಾರಿಯ ಪಕ್ಕದ ಒಂದು ಸಭಾಭವನದಲ್ಲಿ ಮುಖ್ಯಾಧ್ಯಾಪಕರೊಬ್ಬರಿಗೆ ಸತ್ಕಾರವಿತ್ತು. ಸಂಘಟಕರು ಮೊದಲೇ ಕಿವಿಯಲ್ಲಿ, “ಸರ, ಆ ಪರಲೋಕದ್ದು ಆಗಬೇಕ್ರಿ ಮತ್ತ” ಎಂದಿದ್ದರು. ಎದ್ದು ನಿಂತೆ. ಹೇಳಿದೆ, ಧ್ವನಿ ಸಣ್ಣ ಮಾಡದೆ, ತಲೆ ತುರಿಸಿಕೊಳ್ಳದೆ, ನಡೆದದ್ದು ನಡೆದ ಹಾಗೆ, ಅವಳ ಹೆಸರನ್ನಾಗಲಿ ತಾಯಿಯ ಕಥೆಯನ್ನಾಗಲಿ ಬಯಲು ಮಾಡದೆ, ನನ್ನ ಹೆಸರನ್ನು ಮಾತ್ರ ಬಯಲು ಮಾಡಿ. ರೊಟ್ಟಿಯ ಮಾತು ಬಂದಾಗ ಒಬ್ಬರು ರೂಢಿಯಂತೆ ನಕ್ಕು, ಒಂಟಿಯಾದದ್ದು ತಿಳಿದು ಕೆಮ್ಮಿದರು. ತಾಯಿ ಕೇಳಿದ ಪ್ರಶ್ನೆಯನ್ನೂ ನಾನು ಎದ್ದು ಹೋದದ್ದನ್ನೂ ಹೇಳಿ ಕುಳಿತೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಂಘಟಕರು ಶಾಲು ಹೊದಿಸುತ್ತ, “ಇವತ್ತ ಭಾಳ ಸೀರಿಯಸ್ ಆತ್ರಿ ಸರ” ಎಂದು ಬೇಸರಪಟ್ಟರು. ಬಳಿಕ ಕರೆಗಳು ಕಡಿಮೆಯಾದವು; ಬಂದ ಕಡೆಯೆಲ್ಲ ಇದನ್ನೇ ಹೇಳಿದೆ; ಮುಂದೆ ಕರೆಗಳೇ ನಿಂತವು. ಮನೆಗೆ ಶಾಲು ಬರುವುದು ನಿಂತದ್ದಕ್ಕೆ ಸುಶೀಲಾ ದುಃಖಪಟ್ಟಂತೆ ಕಾಣಲಿಲ್ಲ.

ಆಮೇಲೆ ಅಪ್ಪನನ್ನು ಕೇಳಿದೆ. ಭಾನುವಾರಗಳಲ್ಲಿ, ಎಲ್ಲರೂ ಹೋದ ಮೇಲೆ, ಬಾಗಿಲ ಬಳಿ ಚಪ್ಪಲಿ ಬಿಡುವ ಜಾಗದಲ್ಲಿ ನಿಂತು ಕೇಳಿದೆ. ವ್ಯಾಕರಣಬದ್ಧವಾದ ನನ್ನ ಹಳೆಯ ಪ್ರಾರ್ಥನೆಗಳು ಯಾವುವೂ ಬಾಯಿಗೆ ಬರಲಿಲ್ಲ. ‘ಅಪ್ಪಾ’ ಎಂಬಲ್ಲಿಗೆ ಮಾತು ಮುಗಿದುಹೋಗುತ್ತಿತ್ತು, ಮುಂದಿನದಕ್ಕೆ ನಾಚಿಕೆ ಅಡ್ಡ ಬರುತ್ತಿತ್ತು. ಎಷ್ಟೋ ವಾರ ಹೀಗೆ ಕಳೆದವು.

ಕೊನೆಗೊಂದು ಶನಿವಾರ ಸಾಲಹಳ್ಳಿಗೆ ಒಬ್ಬನೇ ಹೋದೆ. ಮಕ್ಕಳಿಗೆ ಲಸಿಕೆ ಹಾಕುವ ದಿನ. ಉಪಕೇಂದ್ರದ ಪಡಸಾಲೆಯ ತುಂಬ ಕಂಕುಳಲ್ಲಿ ಕೂಸು ಹಿಡಿದ ತಾಯಂದಿರು, ಅಳು, ಗದ್ದಲ. ಯಲ್ಲವ್ವ ಒಂದು ಕೂಸಿನ ತೊಡೆಗೆ ಹತ್ತಿ ಒತ್ತಿ ಹಿಡಿದಿದ್ದಳು. ನನ್ನನ್ನು ಕಂಡು, ಕೈ ತೆಗೆಯದೆಯೇ, “ಕೇಳಿದ್ರೇನ್ರಿ?” ಎಂದಳು.

“ಕೇಳಿದೆವ್ವಾ.”

“ಏನಂದಾ?”

“ಏನೂ ಅನ್ನಲಿಲ್ಲ.” ಇಷ್ಟು ಹೇಳಿ ನಿಲ್ಲಿಸಬೇಕೆಂದಿದ್ದೆ. ಆದರೆ ಇನ್ನೊಂದು ಮಾತು ತಾನಾಗಿ ಬಂತು. “ನಗಲಿಲ್ಲ.”

ಅವಳು ಕೂಸನ್ನು ತಾಯಿಯ ಮಡಿಲಿಗೆ ಕೊಟ್ಟಳು. “ಹೌದ್ರಿ,” ಎಂದಳು, “ಅಂವ ನಗೂದಿಲ್ಲ. ಅಷ್ಟು ತಿಳ್ಯಾಕ ನನಗೂ ಭಾಳ ವರ್ಷ ಹಿಡೀತು.” ಆಮೇಲೆ ಮುಂದಿನವಳನ್ನು ಕರೆದಳು.

ನಾನು ಅಲ್ಲೇ ಬೆಂಚಿನ ತುದಿಯಲ್ಲಿ, ತಾಯಂದಿರ ಸಾಲಿನ ಕೊನೆಗೆ ಕುಳಿತೆ. ಅಲ್ಲಿ ಯಾರಿಗೂ ನನ್ನ ಗುರುತಿರಲಿಲ್ಲ. ನಾಚಿಕೆ ಇಳಿದಿರಲಿಲ್ಲ, ಇಂದಿಗೂ ಇಳಿದಿಲ್ಲ. ಆದರೆ ಅವಳು ಕೆಲಸ ಮುಗಿಸುವವರೆಗೂ ನಾನು ಎದ್ದು ಹೋಗಲಿಲ್ಲ.